ಟಿ. ಎಂ. ಎ. ಪೈ

ತೋನ್ಸೆ ಮಾಧವ ಅನಂತ ಪೈ (30 ಏಪ್ರಿಲ್ 1898 – 29 ಮೇ 1979) ಅವರು ಕರ್ನಾಟಕದ ವೈದ್ಯರು, ಬ್ಯಾಂಕಿಂಗ್ ಸಂಘಟಕರು ಹಾಗೂ ಶಿಕ್ಷಣ ಸಂಸ್ಥೆಗಳ ಸ್ಥಾಪಕರು. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯ ಮೂವರು ಸ್ಥಾಪಕರಲ್ಲಿ ಇವರೊಬ್ಬರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು (1953) ಮತ್ತು ದಂತ ವೈದ್ಯಕೀಯ ಕಾಲೇಜು (1965) ಇವರ ಪ್ರಯತ್ನದಿಂದ ರೂಪುಗೊಂಡವು. ಆಧುನಿಕ ಮಣಿಪಾಲದ ನಿರ್ಮಾಪಕರೆಂದು ಇವರನ್ನು ಸಾಮಾನ್ಯವಾಗಿ ಪರಿಚಯಿಸಲಾಗುತ್ತದೆ. ಭಾರತ ಸರ್ಕಾರವು 1972ರಲ್ಲಿ ಇವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಬಡತನ, ಅನಾರೋಗ್ಯ ಮತ್ತು ಅಜ್ಞಾನ ಎಂಬ ಮೂರನ್ನೂ ಒಂದೇ ಸಮಸ್ಯೆಯ ಮೂರು ಮುಖಗಳೆಂದು ಪೈಯವರು ಕಂಡರು. ಕೈಯಲ್ಲಿ ಕಾಸಿಲ್ಲದವನಿಗೆ ಔಷಧಿ ಬರೆದುಕೊಟ್ಟು ಪ್ರಯೋಜನವಿಲ್ಲ. ಕಾಸಿದ್ದರೂ ಹತ್ತಿರದಲ್ಲಿ ತರಬೇತಿ ಹೊಂದಿದ ವೈದ್ಯರಿಲ್ಲದಿದ್ದರೆ ಅದು ಉಪಯೋಗಕ್ಕೆ ಬಾರದು. ವೈದ್ಯರೊಬ್ಬರು ಬ್ಯಾಂಕು ಕಟ್ಟಲು ಹೊರಟದ್ದನ್ನೂ, ಬ್ಯಾಂಕು ಕಟ್ಟಿದವರು ವೈದ್ಯಕೀಯ ಕಾಲೇಜಿಗೆ ಕೈಹಾಕಿದ್ದನ್ನೂ ಈ ಹಿನ್ನೆಲೆಯಲ್ಲಿ ನೋಡಿದರೆ ಅವರ ಜೀವನದ ಬೇರೆಬೇರೆ ಕೆಲಸಗಳ ನಡುವಿನ ಸಂಬಂಧ ಸ್ಪಷ್ಟವಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಪೈಯವರು ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ ಕೊಂಕಣಿ ಮನೆಮಾತಿನ ಗೌಡ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ತೋನ್ಸೆ ಅನಂತ ಪೈ. ತೋನ್ಸೆ ಎಂಬುದು ಆ ಪರಿಸರದ ಊರಿನ ಹೆಸರು. ಆ ಭಾಗದ ಅನೇಕ ಮನೆತನಗಳಂತೆ ಇವರ ಹೆಸರಿನ ಮೊದಲಕ್ಷರದಲ್ಲಿಯೂ ಊರು ಸೇರಿಕೊಂಡಿದೆ. ಅಣ್ಣ ಉಪೇಂದ್ರ ಅನಂತ ಪೈಯವರು ವ್ಯಾಪಾರ ಮತ್ತು ಕೈಮಗ್ಗದ ಉದ್ಯಮದಲ್ಲಿ ತೊಡಗಿದ್ದರು. ಮುಂದೆ ತಮ್ಮನ ಬಹುತೇಕ ಆರ್ಥಿಕ ಸಾಹಸಗಳಿಗೆ ಅವರು ಬೆನ್ನೆಲುಬಾದರು.

ಹುಟ್ಟೂರು ಮತ್ತು ಸುತ್ತಲಿನ ಪಟ್ಟಣಗಳಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿದ ಪೈಯವರು ವೈದ್ಯಕೀಯ ಪದವಿಗಾಗಿ ಮದ್ರಾಸಿಗೆ ತೆರಳಿದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಅವಕಾಶವಿರಲಿಲ್ಲ. ಘಟ್ಟ ಹತ್ತಿ, ಪರ್ಯಾಯದ್ವೀಪವನ್ನು ಅಡ್ಡಲಾಗಿ ದಾಟಿ ಪೂರ್ವ ಕರಾವಳಿಗೆ ಹೋಗುವ ವೆಚ್ಚವನ್ನು ಭರಿಸಬಲ್ಲ ಮನೆಯ ಮಕ್ಕಳು ಮಾತ್ರ ಡಾಕ್ಟರಾಗಬಹುದಾಗಿತ್ತು. ಹಾಗೆ ಓದಿದವರಲ್ಲಿ ಹಲವರು ನಗರಗಳಲ್ಲಿಯೇ ನೆಲೆಸುತ್ತಿದ್ದರು. ಪೈಯವರು 1920ರ ದಶಕದ ಮಧ್ಯದಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಉಡುಪಿ ಪರಿಸರದಲ್ಲಿ ವೈದ್ಯವೃತ್ತಿ ಆರಂಭಿಸಿದರು.

ವೈದ್ಯವೃತ್ತಿಯಿಂದ ಬ್ಯಾಂಕಿಗೆ

ಆ ಕಾಲದ ಉಡುಪಿಯಲ್ಲಿ ಕೈಮಗ್ಗವು ಅನೇಕ ಕುಟುಂಬಗಳ ಜೀವನಾಧಾರವಾಗಿತ್ತು. ಕಾರ್ಖಾನೆಯ ಬಟ್ಟೆಯ ಪೈಪೋಟಿಯಿಂದ ನೇಕಾರರು ಕಷ್ಟಕ್ಕೆ ಸಿಲುಕಿದ್ದರು. ನೂಲು ಕೊಳ್ಳಲು ಸಾಲ ಬೇಕಾದಾಗ ಅವರಿಗೆ ಲೇವಾದೇವಿಗಾರರ ಹೊರತು ಬೇರೆ ಗತಿಯಿರಲಿಲ್ಲ. 1925ರಲ್ಲಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ಟಿ. ಎಂ. ಎ. ಪೈ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆರಂಭದ ಬಂಡವಾಳ 8,000 ರೂಪಾಯಿ. ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿಯೇ ಇದೇ ಜಿಲ್ಲೆಯಲ್ಲಿ ಹುಟ್ಟಿದ್ದುದರಿಂದ ಬ್ಯಾಂಕು ಎಂಬ ಕಲ್ಪನೆ ಜನರಿಗೆ ಹೊಸದಾಗಿರಲಿಲ್ಲ. ಆದರೆ ದಿನಗೂಲಿಯವನು ಬ್ಯಾಂಕಿನ ಮೆಟ್ಟಿಲು ಹತ್ತುವುದು ಅಪರೂಪವಾಗಿತ್ತು.

ಈ ಕೊರತೆಗೆ ಸಂಸ್ಥೆಯು 1928ರಲ್ಲಿ ಒಂದು ಪರಿಹಾರ ಕಂಡುಕೊಂಡಿತು. ಗ್ರಾಹಕನು ಬ್ಯಾಂಕಿಗೆ ಬರುವ ಬದಲು ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆ ಮತ್ತು ಅಂಗಡಿಗಳ ಬಾಗಿಲಿಗೆ ಹೋಗಿ ಸಣ್ಣ ಮೊತ್ತವನ್ನು ಸಂಗ್ರಹಿಸುವ ಈ ಯೋಜನೆಗೆ ಪಿಗ್ಮಿ ಠೇವಣಿ ಎಂಬ ಹೆಸರು ಬಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಾಗಿತ್ತು. ಹದಿನಾರು ಆಣೆಗೆ ಒಂದು ರೂಪಾಯಿಯಿದ್ದ ಲೆಕ್ಕದಲ್ಲಿ, ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ ಸುಮಾರು 45 ರೂಪಾಯಿ ಕೂಡುತ್ತಿತ್ತು. ಮಗಳ ಮದುವೆ, ಮಳೆಗಾಲದ ಅಕ್ಕಿ, ಹೆರಿಗೆ, ಕಾಯಿಲೆ ಮೊದಲಾದ ಖರ್ಚುಗಳಿಗೆ ಇದು ಆಸರೆಯಾಯಿತು. ಕರ್ನಾಟಕದ ಪಟ್ಟಣಗಳಲ್ಲಿ ಇಂದು ಯಾವ ಸಹಕಾರಿ ಸಂಘದ ದೈನಂದಿನ ಸಂಗ್ರಹಕ್ಕೂ ಜನ ಪಿಗ್ಮಿ ಎಂದೇ ಹೇಳುತ್ತಾರೆ. ಒಂದು ಬ್ಯಾಂಕಿನ ಯೋಜನೆಯ ಹೆಸರು ಕನ್ನಡದ ಸಾಮಾನ್ಯ ಪದವಾಗಿಬಿಟ್ಟಿರುವುದು ಕುತೂಹಲದ ಸಂಗತಿ.

ಸಂಸ್ಥೆಯು 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. 19 ಜುಲೈ 1969ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಇದೂ ಒಂದು. ಬ್ಯಾಂಕಿನ ಬೆಳವಣಿಗೆಯಲ್ಲಿ ಪಾತ್ರ ವಹಿಸಿದ ಟಿ. ಎ. ಪೈಯವರು ಮುಂದೆ ಕೇಂದ್ರ ಸಚಿವರಾದರು. ಹೆಸರಿನ ಸಾಮ್ಯದಿಂದಾಗಿ ಚಿಕ್ಕಪ್ಪ ಟಿ. ಎಂ. ಎ. ಪೈಯವರನ್ನು ಕೇಂದ್ರ ಸಚಿವರೆಂದು ತಪ್ಪಾಗಿ ಬರೆಯುವುದುಂಟು.

ಶಿಕ್ಷಣ ಸಂಸ್ಥೆಗಳು

1942ರಲ್ಲಿ ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆ ಮುಗಿಸಿದ ಯುವಕರಿಗೆ ಕೆಲಸಕ್ಕೆ ಬರುವ ವಿದ್ಯೆ ಕಲಿಸುವುದು ಅದರ ಆರಂಭದ ಉದ್ದೇಶಗಳಲ್ಲೊಂದು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಆರಂಭವಾಯಿತು. ಇಂಜಿನಿಯರಿಂಗ್ ಕಾಲೇಜು 1957ರಲ್ಲಿಯೂ, ಔಷಧ ವಿಜ್ಞಾನದ ಶಿಕ್ಷಣ 1963ರಲ್ಲಿಯೂ ಆರಂಭವಾದವು. ಇವಲ್ಲದೆ ಜಿಲ್ಲೆಯ ಅನೇಕ ಶಾಲೆಗಳಿಗೆ ಅಕಾಡೆಮಿಯು ನೆರವಾಯಿತು.

ಕಸ್ತೂರ್ಬಾ ವೈದ್ಯಕೀಯ ಕಾಲೇಜು

ಉಡುಪಿಯಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದ ಮಣಿಪಾಲವು ಆಗ ಮುರಕಲ್ಲಿನ ಬೋಳುಗುಡ್ಡ. ನೀರು, ರಸ್ತೆ, ವಿದ್ಯುತ್ತು ಯಾವುದೂ ಸಮರ್ಪಕವಾಗಿರಲಿಲ್ಲ. ಅಲ್ಲಿ ವೈದ್ಯಕೀಯ ಕಾಲೇಜು ತೆರೆಯುವ ಯೋಚನೆಯನ್ನು ಅನೇಕರು ಸಂದೇಹದಿಂದ ನೋಡಿದರು. ಸಂದೇಹಕ್ಕೆ ಕಾರಣವೂ ಇತ್ತು: ವೈದ್ಯಕೀಯ ಶಿಕ್ಷಣವೆಂದರೆ ಸರ್ಕಾರದ ಅಥವಾ ದೊಡ್ಡ ಮಿಷನರಿ ಸಂಸ್ಥೆಗಳ ಹೊಣೆ ಎಂಬ ಭಾವನೆ ಆಗ ಸಾಮಾನ್ಯವಾಗಿತ್ತು. ಇಂದಿನ ಕರ್ನಾಟಕದ ವ್ಯಾಪ್ತಿಯಲ್ಲಿ ಆಗ ಇದ್ದದ್ದು ಮೈಸೂರಿನ ವೈದ್ಯಕೀಯ ಕಾಲೇಜು ಮಾತ್ರ. ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಬಂದವು.

ವೈದ್ಯಕೀಯ ವಿದ್ಯಾರ್ಥಿಗೆ ಪಾಠದ ಕೊಠಡಿಯಷ್ಟೇ ಸಾಲದು, ರೋಗಿಗಳಿರುವ ದೊಡ್ಡ ಆಸ್ಪತ್ರೆಯೂ ಬೇಕು. ಆಸ್ಪತ್ರೆ ಕಟ್ಟಲು ಮಣಿಪಾಲದಲ್ಲಿ ಆಗ ಹಣವೂ ಇರಲಿಲ್ಲ, ಜನವಸತಿಯೂ ಇರಲಿಲ್ಲ. ಪೈಯವರು ಕಂಡುಕೊಂಡ ದಾರಿ ಹೀಗಿತ್ತು: ಮೂಲವಿಜ್ಞಾನದ ತರಗತಿಗಳು ಮಣಿಪಾಲದಲ್ಲಿ, ರೋಗಿಗಳ ಬಳಿಯ ತರಬೇತಿ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ. ಖಾಸಗಿ ಕಾಲೇಜೊಂದು ಸರ್ಕಾರಿ ಆಸ್ಪತ್ರೆಯನ್ನು ಬೋಧನೆಗೆ ಬಳಸಿಕೊಳ್ಳುವ ಈ ಏರ್ಪಾಡಿನಿಂದ ಕಾಲೇಜಿಗೆ ರೋಗಿಗಳು ದೊರೆತರು, ಆಸ್ಪತ್ರೆಗೆ ಹೆಚ್ಚಿನ ವೈದ್ಯರು ದೊರೆತರು. ಮುಂದೆ ದೇಶದ ಬೇರೆ ಕಡೆಗಳಲ್ಲಿಯೂ ಇಂಥ ಒಪ್ಪಂದಗಳಾದವು.

ಕಸ್ತೂರ್ಬಾ ಗಾಂಧಿಯವರ ಹೆಸರಿನ ಈ ಕಾಲೇಜು 1953ರಲ್ಲಿ ಕಾರ್ಯಾರಂಭ ಮಾಡಿತು. ಮದ್ರಾಸ್ ರಾಜ್ಯದಲ್ಲಿದ್ದ ಕಾಲೇಜಿಗೆ ಸಂಯೋಜನೆ ದೊರೆತದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. 1965ರವರೆಗೆ ಈ ಸಂಬಂಧ ಮುಂದುವರಿದು, ಅನಂತರ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿತು. 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ತಾಯಿ ಮತ್ತು ಮಕ್ಕಳ ಆರೈಕೆಯ ಕೇಂದ್ರಗಳನ್ನು ಕಾಲೇಜು ನಡೆಸಿಕೊಂಡು ಬಂದಿತು.

ದಂತ ವೈದ್ಯಕೀಯ ಶಿಕ್ಷಣ

ಪೈಯವರ ಕಾರ್ಯಗಳಲ್ಲಿ ಕಡಿಮೆ ಚರ್ಚೆಗೆ ಬಂದಿರುವುದು ದಂತ ವೈದ್ಯಕೀಯ ಕಾಲೇಜಿನ ಸ್ಥಾಪನೆ. ಭಾರತದಲ್ಲಿ ಈ ಶಿಕ್ಷಣದ ಚರಿತ್ರೆ ದೀರ್ಘವಲ್ಲ. ಅಮೆರಿಕದ ಅಯೋವಾದಲ್ಲಿ ಓದಿ ಮರಳಿದ ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜನ್ನು ತೆರೆದರು. ವೃತ್ತಿಯನ್ನು ನಿಯಂತ್ರಿಸುವ ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ಮೈಸೂರು ರಾಜ್ಯದ ಮೊದಲ ಸರ್ಕಾರಿ ದಂತ ಕಾಲೇಜು 1958ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಏಳು ವರ್ಷಗಳ ನಂತರ, 1965ರಲ್ಲಿ, ಮಣಿಪಾಲದಲ್ಲಿ ರಾಜ್ಯದ ಮೊದಲ ಖಾಸಗಿ ದಂತ ಕಾಲೇಜು ಪ್ರಾರಂಭವಾಯಿತು. ರಾಜ್ಯದಲ್ಲಿ ಇಂದು ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿದ್ದು, ಅವುಗಳಲ್ಲಿ ಬಹುಪಾಲು ಖಾಸಗಿ ಸಂಸ್ಥೆಗಳದು.

ಅಲ್ಲಿಯವರೆಗೆ ಕರಾವಳಿ ಮತ್ತು ಮಲೆನಾಡಿನ ಸಾಮಾನ್ಯ ಜನರಿಗೆ ಹಲ್ಲಿನ ಚಿಕಿತ್ಸೆ ಎಂದರೆ ಹಲ್ಲು ಕೀಳಿಸುವುದು ಎಂದೇ ಅರ್ಥವಾಗಿತ್ತು. ಮಾವಿನೆಲೆ, ಇದ್ದಿಲು, ಉಪ್ಪು, ಬೇವಿನ ಕಡ್ಡಿಗಳಿಂದ ಹಲ್ಲುಜ್ಜುವ ರೂಢಿಯಿತ್ತು. ನೋವಿಗೆ ಲವಂಗವಿತ್ತು. ನೋವು ತಾಳಲಾರದಷ್ಟಾದಾಗ ನಾಟಿ ವೈದ್ಯರೋ ಜಾತ್ರೆಯ ಹಲ್ಲು ಕೀಳುವವರೋ ಇದ್ದರು. ಹುಳುಕಿನ ಗುಳಿಯನ್ನು ಮೊದಲೇ ತುಂಬಿಸಿ ಹಲ್ಲನ್ನು ಉಳಿಸಿಕೊಳ್ಳಬಹುದು ಎಂಬ ಅರಿವು ಹರಡಲು ಅದನ್ನು ಮಾಡಬಲ್ಲವರು ಬೇಕಿತ್ತು.

ಬಾಯಿಯ ಆರೋಗ್ಯವನ್ನು ಸಣ್ಣ ವಿಷಯವೆಂದು ಬದಿಗಿಡುವ ಪ್ರವೃತ್ತಿ ಇಂದಿಗೂ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಯಾವುದಾದರೊಂದು ಕಾಯಿಲೆಯಿಂದ ಬಳಲುತ್ತಿದ್ದಾರೆ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲಿನ ಹೊರಪದರವನ್ನು ಕರಗಿಸುತ್ತವೆ. ಹುಳುಕು ಒಳಗಿನ ನರವನ್ನು ತಲುಪಿದಾಗ ನಿದ್ದೆ ಕೆಡುತ್ತದೆ, ಕೂಲಿ ತಪ್ಪುತ್ತದೆ, ಮಕ್ಕಳಾದರೆ ಶಾಲೆ ತಪ್ಪುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿ ಕತ್ತಿನವರೆಗೆ ಹರಡಿದರೆ ಪ್ರಾಣಕ್ಕೂ ಅಪಾಯವುಂಟು. ವಸಡಿನ ರೋಗಕ್ಕೂ ಮಧುಮೇಹಕ್ಕೂ ಪರಸ್ಪರ ಸಂಬಂಧವಿದೆ: ಮಧುಮೇಹವು ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕಷ್ಟವಾಗಿಸುತ್ತದೆ. ಹಲ್ಲುಗಳನ್ನು ಕಳೆದುಕೊಂಡ ವೃದ್ಧರು ರೊಟ್ಟಿ, ಕಾಳು, ಹಸಿ ತರಕಾರಿಗಳನ್ನು ಬಿಟ್ಟು ಗಂಜಿ ಮತ್ತು ಮೆತ್ತನೆಯ ಅನ್ನಕ್ಕೆ ಇಳಿಯುತ್ತಾರೆ. ಮಾತು ಅಸ್ಪಷ್ಟವಾಗುವುದರಿಂದ ನಾಲ್ಕು ಜನರ ನಡುವೆ ಕುಳಿತುಕೊಳ್ಳಲೂ ಹಿಂಜರಿಯುತ್ತಾರೆ.

ಅಡಿಕೆಯ ನಾಡಾದ ಈ ಪ್ರದೇಶಕ್ಕೆ ಇನ್ನೊಂದು ವಿಶೇಷ ಹೊರೆಯಿದೆ. ಹೊಗೆಸೊಪ್ಪು ಸೇರಿದ ಕವಳ, ಗುಟ್ಕಾ, ಗೋವಾ ಮತ್ತು ಮಹಾರಾಷ್ಟ್ರದ ಗಡಿಯ ಕಡೆ ಹಲ್ಲಿಗೆ ಉಜ್ಜುವ ಮಿಶ್ರಿ ಇವು ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರಕಾರಕಗಳ ಪಟ್ಟಿಗೆ ಸೇರಿಸಿದ್ದು, ಬೆಳೆಗಾರರ ಪ್ರದೇಶಗಳಲ್ಲಿ ಅದು ಇಂದಿಗೂ ವಿವಾದದ ವಿಷಯ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಂಡು ಕ್ರಮೇಣ ಬಾಯಿ ತೆರೆಯಲಾಗದಂಥ ಸ್ಥಿತಿ ಬರುವುದುಂಟು. ಖಾರ ತಿಂದರೆ ಉರಿಯುವುದು ಇದರ ಆರಂಭದ ಲಕ್ಷಣ. ಇದನ್ನು ಮೊದಲು ಗುರುತಿಸಬಲ್ಲವರು ದಂತವೈದ್ಯರು. ಹತ್ತಿರದಲ್ಲಿ ದಂತವೈದ್ಯರಿಲ್ಲವೆಂದರೆ ಕ್ಯಾನ್ಸರು ತಡವಾಗಿ ಪತ್ತೆಯಾಗುತ್ತದೆ ಎಂದೇ ಅರ್ಥ.

ದಂತ ಕಾಲೇಜಿನ ಮಹತ್ತ್ವ ಪದವೀಧರರ ಸಂಖ್ಯೆಯಲ್ಲಿ ಮಾತ್ರ ಇರುವುದಲ್ಲ. ವಿದ್ಯಾರ್ಥಿಗಳು ಪದವಿ ಪಡೆಯುವ ಮುನ್ನ ನಿಗದಿತ ಸಂಖ್ಯೆಯ ರೋಗಿಗಳಿಗೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹಲ್ಲು ಶುಚಿಗೊಳಿಸಿ, ಹುಳುಕು ತುಂಬಿ, ಹಲ್ಲು ಕಿತ್ತು, ಕೃತಕ ದಂತಪಂಕ್ತಿ ಮಾಡಿಕೊಡಬೇಕಾಗುತ್ತದೆ. ಆದ್ದರಿಂದ ಕಾಲೇಜಿಗೆ ರೋಗಿಗಳು ಬೇಕು, ರೋಗಿಗಳಿಗೆ ಕಡಿಮೆ ದರದ ಚಿಕಿತ್ಸೆ ಬೇಕು. ಖಾಸಗಿ ದವಾಖಾನೆಗಿಂತ ಹೆಚ್ಚು ಹೊತ್ತು ಕಾಯಬೇಕಾದರೂ ಕಾಲೇಜು ಇರುವ ಊರಿನ ಸುತ್ತಮುತ್ತ ಹಲ್ಲಿನ ಚಿಕಿತ್ಸೆ ಬಡವರ ಕೈಗೆಟುಕುವುದು ಈ ಕಾರಣದಿಂದ. ವೆನ್‌ಲಾಕ್ ಏರ್ಪಾಡಿನಲ್ಲಿ ಪೈಯವರು ಬಳಸಿದ ತರ್ಕವೇ ಇಲ್ಲಿಯೂ ಇದೆ.

ಶುಲ್ಕದ ಪ್ರಶ್ನೆ

ಪೈಯವರ ಸಾಧನೆಯ ಜೊತೆಯಲ್ಲಿಯೇ ಒಂದು ಟೀಕೆಯೂ ನಡೆದು ಬಂದಿದೆ. ಸರ್ಕಾರದ ಪೂರ್ಣ ಅನುದಾನವಿಲ್ಲದೆ ವೃತ್ತಿಶಿಕ್ಷಣ ಕಾಲೇಜು ನಡೆಸಲು ಅವರು ವಿದ್ಯಾರ್ಥಿಗಳ ಕುಟುಂಬಗಳಿಂದ ದೊಡ್ಡ ಮೊತ್ತದ ವಂತಿಗೆ ಪಡೆಯುವ ಪದ್ಧತಿಯನ್ನು ಅನುಸರಿಸಿದರು. ಇದು ಮುಂದೆ ಕ್ಯಾಪಿಟೇಷನ್ ಶುಲ್ಕ ಎಂಬ ಹೆಸರಿನಿಂದ ರಾಜ್ಯದಾದ್ಯಂತ ಹರಡಿತು. ಮಣಿಪಾಲದಲ್ಲಿ ಹಣ ಕಟ್ಟಡವಾಗಿ, ಆಸ್ಪತ್ರೆಯಾಗಿ ಕಣ್ಣಿಗೆ ಕಂಡಿತು. ಪದ್ಧತಿಯನ್ನು ಅನುಕರಿಸಿದ ಎಲ್ಲ ಕಡೆಗಳಲ್ಲಿಯೂ ಹಾಗಾಯಿತೆಂದು ಹೇಳುವುದು ಕಷ್ಟ. ಕರ್ನಾಟಕ ಸರ್ಕಾರವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತಂದಿತು.

ಪೈಯವರ ಹೆಸರಿನ ಪ್ರತಿಷ್ಠಾನವೇ ಅರ್ಜಿದಾರನಾಗಿದ್ದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು 31 ಅಕ್ಟೋಬರ್ 2002ರಂದು ತೀರ್ಪು ನೀಡಿತು. ಅನುದಾನರಹಿತ ಖಾಸಗಿ ಸಂಸ್ಥೆಗಳಿಗೆ ತಮ್ಮ ಶುಲ್ಕ ನಿಗದಿಪಡಿಸುವ ಸ್ವಾತಂತ್ರ್ಯವಿದೆ, ಆದರೆ ಕ್ಯಾಪಿಟೇಷನ್ ಶುಲ್ಕ ಮತ್ತು ಲಾಭಕೋರತನಕ್ಕೆ ಅವಕಾಶವಿಲ್ಲ ಎಂಬುದು ಅದರ ಸಾರ. ಕಾನೂನು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪೈಯವರ ಹೆಸರು ಮೊದಲು ಪರಿಚಯವಾಗುವುದು ಈ ತೀರ್ಪಿನ ಮೂಲಕ.

ಆರೋಗ್ಯ ಸೇವೆಯ ಲಭ್ಯತೆಯ ದೃಷ್ಟಿಯಿಂದ ಈ ಟೀಕೆ ಕಡೆಗಣಿಸುವಂಥದ್ದಲ್ಲ. ಹೆಚ್ಚು ಹಣ ತೆತ್ತು ಓದಿದ ದಂತವೈದ್ಯರು ಆ ಹಣವನ್ನು ದುಡಿಯಬಲ್ಲ ನಗರವನ್ನೇ ಆರಿಸಿಕೊಳ್ಳುವುದು ಸಹಜ. ಖಾಸಗಿ ದಂತ ಚಿಕಿತ್ಸಾಲಯ ತೆರೆಯಲು ಕುರ್ಚಿ, ಕ್ಷಕಿರಣ ಯಂತ್ರ, ಸಂಪೀಡಕಗಳಿಗೆ ಮತ್ತಷ್ಟು ಬಂಡವಾಳ ಬೇಕಾಗುತ್ತದೆ. ರಾಜ್ಯದಲ್ಲಿ ದಂತವೈದ್ಯರ ಒಟ್ಟು ಸಂಖ್ಯೆ ಹೆಚ್ಚಿದರೂ ಅವರು ಸಮನಾಗಿ ಹಂಚಿಹೋಗಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಮತ್ತೊಂದು ಕಡೆ, ಸರ್ಕಾರವೇ ಮುಂದಾಗುವವರೆಗೆ ಕಾದಿದ್ದರೆ ಕರಾವಳಿಗೆ ಈ ಸೌಲಭ್ಯ ಎಷ್ಟು ತಡವಾಗಿ ಬರುತ್ತಿತ್ತು ಎಂಬುದನ್ನು ಪಕ್ಕದ ಜಿಲ್ಲೆಯ ಉದಾಹರಣೆಯಿಂದ ಊಹಿಸಬಹುದು.

ಉತ್ತರ ಕನ್ನಡದ ಒಳನಾಡಿನೊಂದಿಗೆ ಹೋಲಿಕೆ

ಬ್ರಿಟಿಷರ ಕಾಲದ ಕೆನರಾ ಜಿಲ್ಲೆಯು ಎರಡಾಗಿ, ಉತ್ತರ ಭಾಗವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಭಾಗ ಮದ್ರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಎರಡೂ ಮೈಸೂರು ರಾಜ್ಯದಲ್ಲಿ ಮತ್ತೆ ಒಂದಾದವು. ಆ ಹೊತ್ತಿಗೆ ದಕ್ಷಿಣದಲ್ಲಿ ವೈದ್ಯಕೀಯ ಕಾಲೇಜು ಮೂರು ವರ್ಷ ಪೂರೈಸಿತ್ತು. ಉತ್ತರ ಕನ್ನಡಕ್ಕೆ ಮೊದಲ ವೈದ್ಯಕೀಯ ಕಾಲೇಜು ದೊರೆತದ್ದು 2016ರಲ್ಲಿ, ಕಾರವಾರದಲ್ಲಿ. ಒಂದೇ ಕೆನರಾದ ಎರಡು ಭಾಗಗಳ ನಡುವಿನ ಈ 63 ವರ್ಷಗಳ ಅಂತರಕ್ಕೆ ಕಾಡು, ಘಟ್ಟ, ವಿರಳ ಜನಸಂಖ್ಯೆ ಮೊದಲಾದ ಕಾರಣಗಳಿವೆ. ದಕ್ಷಿಣದಲ್ಲಿದ್ದಂಥ ಬ್ಯಾಂಕು ಬಂಡವಾಳದ ಆಸರೆಯೂ ಅಲ್ಲಿರಲಿಲ್ಲ.

ಜಿಲ್ಲೆಯ ಈಶಾನ್ಯ ಮತ್ತು ಉತ್ತರಕ್ಕಿರುವ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಈ ಅಂತರ ಹೆಚ್ಚು ಎದ್ದು ಕಾಣುತ್ತದೆ. ಕಾಳಿ ನದಿಯ ದಡದ ದಾಂಡೇಲಿಯು 1950ರ ದಶಕದಲ್ಲಿ ಕಾಗದದ ಕಾರ್ಖಾನೆಯಿಂದ ಬೆಳೆದ ಕಾರ್ಮಿಕರ ಪಟ್ಟಣ. ಅಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿಗೆ ತನ್ನದೇ ಆಸ್ಪತ್ರೆಯಿದೆ. ಹೀಗೆ ಕಾರ್ಖಾನೆಗೋ ಸಮುದಾಯಕ್ಕೋ ಸೇರಿದವರಿಗೆ ಒಂದು ಆಸರೆಯುಂಟು. ಹಿಂದೆ ಸೂಪಾ ಎಂಬ ಹೆಸರಿದ್ದ ಜೋಯಿಡಾ ತಾಲೂಕಿನ ಸ್ಥಿತಿ ಬೇರೆ. ವಿಸ್ತೀರ್ಣದಲ್ಲಿ ಅದು ಜಿಲ್ಲೆಯಲ್ಲಿಯೇ ದೊಡ್ಡದು. ಹಳೆಯ ಸೂಪಾ ಪಟ್ಟಣ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂದಿತು. ಹೆಚ್ಚಿನ ಭಾಗ ದಟ್ಟ ಕಾಡು. ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಇಲ್ಲಿದೆ. ಕುಣಬಿ, ಸಿದ್ದಿ, ಗೌಳಿ ಸಮುದಾಯಗಳ ಮನೆಗಳು ಒಂದರಿಂದ ಇನ್ನೊಂದು ದೂರದೂರವಿದ್ದು, ಮಳೆಗಾಲದಲ್ಲಿ ಸಂಚಾರ ಇನ್ನೂ ಕಷ್ಟ.

ಹಳಿಯಾಳ, ಮುಂಡಗೋಡಗಳ ಜನ ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾಕೇಂದ್ರ ಕಾರವಾರಕ್ಕಿಂತ ಹುಬ್ಬಳ್ಳಿ ಮತ್ತು ಧಾರವಾಡಗಳಿಗೆ ಹೋಗುವುದು ರೂಢಿ. ಹಳಿಯಾಳದಿಂದ ಧಾರವಾಡ ಸುಮಾರು 35 ಕಿ.ಮೀ. ಮಣಿಪಾಲದ ನಂತರ ಎರಡು ದಶಕ ಕಳೆದು ಬೆಳಗಾವಿಯಲ್ಲಿ 1985ರಲ್ಲಿಯೂ, ಧಾರವಾಡದಲ್ಲಿ 1986ರಲ್ಲಿಯೂ ಖಾಸಗಿ ದಂತ ಕಾಲೇಜುಗಳು ಆರಂಭವಾದ ಮೇಲೆ ಈ ತಾಲೂಕುಗಳಿಗೆ ದಂತ ಶಿಕ್ಷಣ ಸಂಸ್ಥೆಗಳು ಹತ್ತಿರವಾದವು. ಜೋಯಿಡಾದ ಪಶ್ಚಿಮ ಭಾಗದವರಿಗೆ ಗೋವಾದ ಆಸ್ಪತ್ರೆಗಳು ಸಮೀಪ. ಕರಾವಳಿಯ ಭಟ್ಕಳ, ಹೊನ್ನಾವರದವರು ಮಣಿಪಾಲವನ್ನೇ ನೆಚ್ಚಿಕೊಂಡಿದ್ದಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ಇದರಿಂದ ಮತ್ತೆ ದೊಡ್ಡ ಚಳವಳಿಯಾಯಿತು.

ತುರ್ತು ಚಿಕಿತ್ಸೆಯ ಕೊರತೆ ಸುದ್ದಿಯಾಗುತ್ತದೆ. ಹಲ್ಲಿನ ಚಿಕಿತ್ಸೆಯ ಕೊರತೆ ಸುದ್ದಿಯಾಗುವುದಿಲ್ಲ. ಆದರೆ ದೂರದ ಹೊರೆ ಹಲ್ಲಿನ ವಿಷಯದಲ್ಲಿ ಬೇರೊಂದು ರೀತಿಯಲ್ಲಿ ಬೀಳುತ್ತದೆ. ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸಲು ರೂಪುಗೊಂಡಿತು. ದಂತಪಂಕ್ತಿ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ದವಡೆಯ ಅಚ್ಚು ತೆಗೆಯಬೇಕು, ಎರಡು ದವಡೆಗಳ ಹೊಂದಾಣಿಕೆ ಅಳೆಯಬೇಕು, ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಿಯಲ್ಲಿಟ್ಟು ನೋಡಬೇಕು, ಕೊನೆಗೆ ಕೂರಿಸಿದ ಮೇಲೂ ಒತ್ತುವ ಕಡೆ ತಿದ್ದಬೇಕು. ಸಾಮಾನ್ಯವಾಗಿ ನಾಲ್ಕೈದು ಭೇಟಿಗಳು ಬೇಕಾಗುತ್ತವೆ. ಧಾರವಾಡದ ನಿವಾಸಿಗೆ ಇದು ನಾಲ್ಕೈದು ಬೆಳಗಿನ ಕೆಲಸ. ಜೋಯಿಡಾದ ಕಾಡಿನಂಚಿನ ಹಳ್ಳಿಯ ವೃದ್ಧೆಗೆ ನಾಲ್ಕೈದು ಇಡೀ ದಿನಗಳು, ಜೊತೆಗೆ ಬರುವ ಮಗನ ಅಷ್ಟೇ ದಿನಗಳ ಕೂಲಿ, ಇಬ್ಬರ ಬಸ್ಸಿನ ಖರ್ಚು. ಚಿಕಿತ್ಸೆ ಉಚಿತವಾದರೂ ಅದನ್ನು ತಲುಪುವುದು ಉಚಿತವಲ್ಲ. ಹುಳುಕು ತುಂಬಿಸುವುದಕ್ಕೆ ಅಥವಾ ಬೇರಿನ ಚಿಕಿತ್ಸೆಗೆ ಹಲವು ಸಲ ಬರಬೇಕಾದಾಗಲೂ ಇದೇ ತೊಡಕು. ಒಂದೇ ಸಲ ಬಂದು ಹಲ್ಲು ಕೀಳಿಸಿಕೊಂಡು ಹೋಗುವುದೇ ಅಗ್ಗವೆಂದು ಜನ ಲೆಕ್ಕ ಹಾಕುವುದರಲ್ಲಿ ಅಜ್ಞಾನಕ್ಕಿಂತ ವ್ಯಾವಹಾರಿಕ ವಿವೇಕವೇ ಹೆಚ್ಚು.

ಪೈಯವರ ಕಾರ್ಯವಿಧಾನದ ಒಂದು ಮಿತಿ ಇಲ್ಲಿ ಕಾಣುತ್ತದೆ. ಹಣದ ವಿಷಯದಲ್ಲಿ ಅವರ ಬ್ಯಾಂಕು ಜನರ ಬಾಗಿಲಿಗೆ ಹೋಯಿತು. ಚಿಕಿತ್ಸೆಯ ವಿಷಯದಲ್ಲಿ ಮಣಿಪಾಲವು ಮುಖ್ಯವಾಗಿ ಜನರನ್ನು ತನ್ನೆಡೆಗೆ ಬರಮಾಡಿಕೊಂಡಿತು. ಹಳ್ಳಿಗಳ ತಾಯಿ-ಮಕ್ಕಳ ಕೇಂದ್ರಗಳು ಇದಕ್ಕೆ ಅಪವಾದ. ಆದರೆ ಅವು ಉಡುಪಿಯ ಸುತ್ತಲಿನವು. ಶಿಬಿರಗಳು ಮತ್ತು ಸಂಚಾರಿ ದಂತ ಚಿಕಿತ್ಸಾ ವಾಹನಗಳ ಮೂಲಕ ದಂತ ಕಾಲೇಜುಗಳು ಹಳ್ಳಿಗಳಿಗೆ ಹೋಗುವ ಪದ್ಧತಿ ಕರ್ನಾಟಕದಲ್ಲಿ ಮುಂದೆ ಬೆಳೆದು ಬಂದಿತು. ಇಂಥ ಶಿಬಿರಗಳಲ್ಲಿ ತಪಾಸಣೆ, ಶುಚಿಗೊಳಿಸುವಿಕೆ, ಹಲ್ಲು ಕೀಳುವುದು ಸಾಧ್ಯವಾದರೂ ಹಲವು ಭೇಟಿಗಳ ಚಿಕಿತ್ಸೆ ಸಾಮಾನ್ಯವಾಗಿ ಕಷ್ಟಸಾಧ್ಯ.

ಕೊನೆಯ ವರ್ಷಗಳು ಮತ್ತು ಸ್ಮಾರಕಗಳು

ಬ್ಯಾಂಕು ರಾಷ್ಟ್ರೀಕರಣಗೊಂಡ ನಂತರವೂ ಪೈಯವರು ಶಿಕ್ಷಣ ಸಂಸ್ಥೆಗಳ ಬೆಳವಣಿಗೆಯಲ್ಲಿ ತೊಡಗಿಕೊಂಡಿದ್ದರು. 29 ಮೇ 1979ರಂದು ಅವರು ನಿಧನರಾದರು. ಸಂಸ್ಥೆಗಳ ಹೊಣೆಯನ್ನು ಮಗ ರಾಮದಾಸ್ ಪೈಯವರು ವಹಿಸಿಕೊಂಡರು. ಮಣಿಪಾಲದ ವೈದ್ಯಕೀಯ ಮತ್ತು ದಂತ ಕಾಲೇಜುಗಳನ್ನು ಒಳಗೊಂಡ ಉನ್ನತ ಶಿಕ್ಷಣ ಸಂಸ್ಥೆಯು 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಅದಕ್ಕೂ ಮೊದಲು, 1987ರಲ್ಲಿ, ಮಂಗಳೂರಿನಲ್ಲಿ ಮಣಿಪಾಲದ ಎರಡನೆಯ ದಂತ ಕಾಲೇಜು ಆರಂಭವಾಗಿತ್ತು.

ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ, ಕಾರ್ಕಳದ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ, ಮಂಗಳೂರಿನ ಸಮಾವೇಶ ಕೇಂದ್ರ ಮತ್ತು ಮಣಿಪಾಲದ ತಾರಾಲಯಗಳಿಗೆ ಇವರ ಹೆಸರಿಡಲಾಗಿದೆ. ಭಾರತೀಯ ಅಂಚೆ ಇಲಾಖೆಯು 1999ರಲ್ಲಿ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಸಿಂಡಿಕೇಟ್ ಬ್ಯಾಂಕು 1 ಏಪ್ರಿಲ್ 2020ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.